ದೆಹಲಿ ಚಳಿಗಾಲದ ಟ್ರಿಪ್: ನಾವು ಬಿಸಿಲು ನೋಡ್ಕೊಂಡು ಸುತ್ತಿದ್ದು ಹೀಗೆ

ಜನವರಿಲಿ ದೆಹಲಿಗೆ ಹೋಗೋರ ಪ್ಲಾನ್ ಯಾವುದಾದ್ರೂ ವಾಟ್ಸಾಪಲ್ಲಿ ಬಂದ್ರೆ ನಾನು ಮೊದ್ಲು ನೋಡೋದು ಬೆಳಿಗ್ಗೆಗೆ ಏನ್ ಹಾಕಿದಾರೆ ಅಂತ. ಆರು ಗಂಟೆಗೆ ಇಂಡಿಯಾ ಗೇಟ್, ಏಳಕ್ಕೆ ಕುತುಬ್ ಮಿನಾರ್ ಅಂತಿದ್ರೆ ಅದನ್ನ ಬೆಂಗಳೂರಲ್ಲಿ ಕೂತು ಬರ್ದಿದಾರೆ ಅಂತಲೇ ಅರ್ಥ. ಅಲ್ಲಿ ಜನವರಿಲಿ ಸೂರ್ಯ ಹುಟ್ಟೋದೇ ಏಳೂ ಕಾಲಿಗೆ, ಮಂಜು ಬಿದ್ದ ದಿನ ಹತ್ತು ಗಂಟೆ ಆದ್ರೂ ಮುಖ ತೋರಿಸಲ್ಲ, ಸಂಜೆ ಐದೂವರೆ ಆಗ್ತಿದ್ದಂಗೆ ಮುಳುಗೇ ಹೋಗುತ್ತೆ. ಕೈಗೆ ಸಿಗೋದು ಹನ್ನೊಂದರಿಂದ ನಾಲ್ಕೂವರೆ ತನಕ, ಅಷ್ಟೇ. ನಾವು ಕಾಲೇಜು ಫ್ರೆಂಡ್ಸ್ ಹೋದಾಗ ಇಡೀ ಟ್ರಿಪ್ಪನ್ನ ಈ ಲೆಕ್ಕದ ಮೇಲೇ ಕಟ್ಟಿದ್ವಿ. ಬಯಲಲ್ಲಿ ನಿಂತು ನೋಡೋದೆಲ್ಲ ಬಿಸಿಲಿಗೆ, ಬೆಳಿಗ್ಗೆ ಮತ್ತೆ ರಾತ್ರಿ ತಿನ್ನೋಕೆ, ಓಡಾಡೋಕೆ, ಒಳಗೆ ಕೂರೋ ಜಾಗಗಳಿಗೆ.

ಹೋಗಿದ್ದು ಕರ್ನಾಟಕ ಎಕ್ಸ್‌ಪ್ರೆಸ್ಸಲ್ಲಿ. ಬೆಂಗಳೂರಿಂದ ಎರಡು ರಾತ್ರಿ ಪ್ರಯಾಣ, ಫ್ಲೈಟಲ್ಲಿ ಮೂರು ಗಂಟೆಲಿ ಹೋಗಬಹುದು ನಿಜ, ಆದ್ರೆ ಎಲ್ಲರೂ ಒಂದೇ ಊರಲ್ಲಿಲ್ಲ, ವಿಜಯಪುರದವನು ಸೋಲಾಪುರಕ್ಕೆ ಬಂದು ಅಲ್ಲಿ ಹತ್ತಿದ, ಅವರಮ್ಮ ಕಟ್ಟಿಕೊಟ್ಟ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಭೋಪಾಲ್ ತನಕ ಬಂತು. ಟ್ರೈನಲ್ಲಿ ಹೋಗೋರು ಒಂದು ಗೊತ್ತಿಟ್ಕೊಳ್ಳಿ, ಗ್ವಾಲಿಯರ್ ದಾಟಿದ್ಮೇಲೆ ಮಂಜಲ್ಲಿ ಗಾಡಿ ತೆವಳುತ್ತೆ, ಎಷ್ಟು ಗಂಟೆ ಲೇಟ್ ಅಂತ ಯಾರೂ ಹೇಳಕ್ಕಾಗಲ್ಲ. ಅದಕ್ಕೇ ಇಳಿಯೋ ದಿನ ನಾವು ಯಾವ ಟಿಕೆಟ್ಟೂ ಬುಕ್ ಮಾಡಿರ್ಲಿಲ್ಲ. ಕರೋಲ್ ಬಾಗ್‌ನಲ್ಲಿ ರೂಮು, ಮೆಟ್ರೋ ಸ್ಟೇಷನ್‌ಗೆ ನಡೆದು ಹೋಗೋ ದೂರ. ರೂಮು ಬುಕ್ ಮಾಡುವಾಗ ಎಸಿ ಇದೆಯಾ ಅಂತ ಕೇಳ್ಬೇಡಿ, ಗೀಜರ್ ಇಡೀ ದಿನ ಇರುತ್ತಾ, ಎಕ್ಸ್‌ಟ್ರಾ ರಜಾಯಿ (ಹತ್ತಿ ತುಂಬಿದ ದಪ್ಪ ಹೊದಿಕೆ) ಕೊಡ್ತೀರಾ, ಹೀಟರ್‌ಗೆ ಬೇರೆ ದುಡ್ಡಾ ಅಂತ ಕೇಳಿ. ಅಲ್ಲಿನ ಕಟ್ಟಡಗಳು ಬೇಸಿಗೆಗೆ ಅಂತ ಕಟ್ಟಿರೋದು, ರಾತ್ರಿ ಹೊರಗೆ ಐದಾರು ಡಿಗ್ರಿ ಇದ್ರೆ ಗೋಡೆ, ನೆಲ ಎಲ್ಲಾ ಕೊರೆಯುತ್ತೆ.

ಇನ್ನೊಂದು ತಲೆನೋವು ಸೋಮವಾರ. ಕೆಂಪು ಕೋಟೆ ಸೋಮವಾರ ಬಂದ್, ನ್ಯಾಷನಲ್ ಮ್ಯೂಸಿಯಂ ಬಂದ್, ಅಕ್ಷರಧಾಮ ಬಂದ್, ಲೋಟಸ್ ಟೆಂಪಲ್ ಬಂದ್, ಕೊನೆಗೆ ಶಾಪಿಂಗ್ ಮಾಡೋಣ ಅಂದ್ರೆ ಸರೋಜಿನಿ ನಗರ ಮಾರ್ಕೆಟ್ಟೂ ಬಂದ್. ಆಗ್ರಾಗೆ ಹೋಗೋ ಆಸೆ ಇದ್ರೆ ತಾಜ್ ಮಹಲ್ ಶುಕ್ರವಾರ ಬಂದ್. ಜನವರಿ ಮಧ್ಯ ದಾಟಿದ್ರೆ ಗಣರಾಜ್ಯೋತ್ಸವದ ರಿಹರ್ಸಲ್, ಪರೇಡ್ ನಡೆಯೋ ಕರ್ತವ್ಯ ಪಥದ ಸುತ್ತ ರಸ್ತೆ ಮುಚ್ಚೋದು, ಕೆಂಪು ಕೋಟೆಗೂ ಕೆಲವು ದಿನ ಬಿಡಲ್ಲ. ಹಂಗಾಗಿ ತಿಂಗಳ ಮೊದಲ ವಾರ ಹೋಗಿದ್ದು ನಮಗೆ ಅನುಕೂಲ ಆಯ್ತು. ಸೋಮವಾರಕ್ಕೆ ಕುತುಬ್ ಮತ್ತೆ ಹುಮಾಯೂನ್ ಸಮಾಧಿ ಹಾಕ್ಕೊಂಡ್ವಿ, ಇವೆರಡೂ ಎಲ್ಲಾ ದಿನ ತೆಗೆದಿರುತ್ತೆ.

ಕುತುಬ್ ಹತ್ರ ಹೋಗಿದ್ದು ಹನ್ನೊಂದೂವರೆಗೆ. 72.5 ಮೀಟರ್ ಎತ್ತರ, ಮೇಲಿನ ಭಾಗ ಇನ್ನೂ ತೆಳು ಮಂಜಲ್ಲಿತ್ತು, ಅರ್ಧ ಗಂಟೆ ಹುಲ್ಲಿನ ಮೇಲೆ ಕಡ್ಲೆಕಾಯಿ ಸುಲೀತಾ ಕೂತಿದ್ದಕ್ಕೆ ತುದಿ ತನಕ ಕಾಣಿಸ್ತು, ಕೆಂಪು ಕಲ್ಲಿನ ಮೇಲಿನ ಅಕ್ಷರದ ಕೆತ್ತನೆ ಬಿಸಿಲು ಬಿದ್ರೇನೇ ಎದ್ದು ಕಾಣೋದು. ಒಳಗೆ ಹತ್ತೋಕೆ ಬಿಡಲ್ಲ, 1981ರಲ್ಲಿ ಮೆಟ್ಟಿಲಲ್ಲಿ ನೂಕುನುಗ್ಗಲಾಗಿ ಶಾಲಾ ಮಕ್ಕಳು ಸತ್ತ ಮೇಲೆ ಮುಚ್ಚಿದ್ದು. ಪಕ್ಕದ ಕಬ್ಬಿಣದ ಕಂಬ ಗುಪ್ತರ ಕಾಲದ್ದು, ಸಾವಿರದ ಆರುನೂರು ವರ್ಷ ಆದ್ರೂ ತುಕ್ಕು ತಿಂದಿಲ್ಲ, ಮೊದಲು ಜನ ಬೆನ್ನು ಕೊಟ್ಟು ತಬ್ಬಿಕೊಳ್ತಿದ್ರಂತೆ, ಈಗ ಬೇಲಿ ಹಾಕಿದಾರೆ.

ಅಲ್ಲಿಂದ ಸೀದಾ ಹುಮಾಯೂನ್ ಸಮಾಧಿ. ನನ್ನ ಕೇಳಿದ್ರೆ ದೆಹಲಿಲಿ ಒಂದೇ ಒಂದು ಜಾಗ ನೋಡೋಕೆ ಟೈಮ್ ಇದ್ರೆ ಇದನ್ನೇ ನೋಡಿ, ಕೆಂಪು ಕೋಟೆ ಬಿಟ್ರೂ ಪರವಾಗಿಲ್ಲ. ಮಧ್ಯಾಹ್ನ ಮೂರರ ಮೇಲೆ ಚಳಿಗಾಲದ ಬಿಸಿಲು ಓರೆಯಾಗಿ ಬೀಳುತ್ತೆ, ಕೆಂಪು ಕಲ್ಲು, ಮಧ್ಯೆ ಬಿಳಿ ಅಮೃತಶಿಲೆ, ಸುತ್ತ ನಾಲ್ಕು ಭಾಗ ಮಾಡಿದ ತೋಟ, ನೀರಿನ ಕಾಲುವೆ. ತಾಜ್‌ಗಿಂತ ಸುಮಾರು ಎಂಬತ್ತು ವರ್ಷ ಹಳೇದು, ತಾಜ್ ಕಟ್ಟಿದೋರು ಇದನ್ನ ನೋಡ್ಕೊಂಡೇ ಕಟ್ಟಿರೋದು ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ. ಎಲ್ಲರೂ ಬಾಯಿ ಬಿಟ್ಕೊಂಡು ಗುಮ್ಮಟ ನೋಡ್ತಿದ್ರೆ ವಿಜಯಪುರದವನು ಮಾತ್ರ ಒಳಗೆ ಹೋಗಿ ಚಪ್ಪಾಳೆ ತಟ್ಟಿ ಬಂದು, "ಏ, ನಮ್ಮ ಗೋಳಗುಮ್ಮಟದಾಗ ಒಮ್ಮೆ ತಟ್ಟಿದ್ರ ಏಳ್ ಸಲ ಕೇಳ್ತೈತಿ, ಇಲ್ಲಿ ಏನೂ ಇಲ್ಲೋ ಮಾರಾಯಾ" ಅಂದ. ಅವನನ್ನ ಸಮಾಧಾನ ಮಾಡೋಕೆ ಪಕ್ಕದ ಸುಂದರ್ ನರ್ಸರಿ ಅನ್ನೋ ಪಾರ್ಕಿಗೆ ಕರ್ಕೊಂಡ್ಹೋಗಿ ಚಹಾ ಕುಡಿಸಬೇಕಾಯ್ತು.

ಮಂಜಿನ ಬೆಳಿಗ್ಗೆಗೆ ನಾವು ಇಟ್ಕೊಂಡಿದ್ದು ಬಂಗ್ಲಾ ಸಾಹಿಬ್ ಗುರುದ್ವಾರ. ಪಟೇಲ್ ಚೌಕ್ ಮೆಟ್ರೋ ಇಳಿದು ನಡೀಬಹುದು. ತಲೆಗೆ ಬಟ್ಟೆ ಕಟ್ಟಬೇಕು, ಅಲ್ಲೇ ಕೊಡ್ತಾರೆ, ಚಪ್ಪಲಿ ಬಿಟ್ಟು ಕಾಲು ತೊಳ್ಕೊಂಡು ಅಮೃತಶಿಲೆ ಮೇಲೆ ನಡೀಬೇಕು, ಆ ಹೊತ್ತಲ್ಲಿ ಪಾದ ನಮ್ಮದಾ ಬೇರೆಯವರದ್ದಾ ಅಂತ ಗೊತ್ತಾಗಲ್ಲ, ಹಾಸಿರೋ ಚಾಪೆ ಬಿಟ್ಟು ಆಚೆ ಈಚೆ ಕಾಲಿಡಬೇಡಿ. ಆದ್ರೆ ಕೊಳದ ಮೇಲೆ ಮಂಜು, ಅದರ ಹಿಂದೆ ಚಿನ್ನದ ಗುಮ್ಮಟ ಅರೆಬರೆ ಕಾಣೋದು, ಮಂಜು ಇದ್ರೇನೇ ಚೆಂದ ಅನ್ನಿಸಿದ ಒಂದೇ ಜಾಗ ಇದು. ಕೈಗೆ ಬಿಸಿ ಬಿಸಿ ಕಡಾ ಪ್ರಸಾದ, ಅಂದ್ರೆ ಗೋಧಿ ಹಲ್ವ, ಹಾಕ್ತಾರೆ, ತುಪ್ಪ ಬೆರಳ ಸಂದಿಲಿ ಇಳಿಯುತ್ತೆ. ಲಂಗರ್‌ನಲ್ಲಿ, ಅಂದ್ರೆ ಗುರುದ್ವಾರದ ಉಚಿತ ಊಟದ ಮನೆಲಿ, ಪಂಕ್ತಿಲಿ ಕೂತು ರೊಟ್ಟಿ, ದಾಲ್ ತಿಂದು, ಅಡುಗೆಮನೆಲಿ ಸ್ವಲ್ಪ ಹೊತ್ತು ರೊಟ್ಟಿ ಲಟ್ಟಿಸಿದ್ವಿ, ಯಾರು ಬೇಕಾದ್ರೂ ಸೇವೆ ಮಾಡಬಹುದು, ಒಲೆ ಹತ್ರ ಕೂತಿದ್ದಕ್ಕೆ ಎದ್ದು ಬರೋ ಮನಸ್ಸೇ ಇರ್ಲಿಲ್ಲ.

ಚಾಂದನಿ ಚೌಕ್‌ಗೂ ಬೆಳಿಗ್ಗೆನೇ ಹೋಗಿ, ಕಾರಣ ದೌಲತ್ ಕೀ ಚಾಟ್. ಹೆಸರು ಚಾಟ್, ಖಾರ ಇಲ್ಲ ಉಪ್ಪಿಲ್ಲ, ಹಾಲನ್ನ ಕಡೆದು ಕಡೆದು ಬರೀ ನೊರೆ ಮಾಡಿ, ಮೇಲೆ ಕೇಸರಿ, ಖೋವಾ, ಸಕ್ಕರೆ ಪುಡಿ ಉದುರಿಸಿ ಕೊಡ್ತಾರೆ, ಬಾಯಿಗಿಟ್ರೆ ಕರಗೋಯ್ತು. ಸೆಕೆ ಶುರುವಾದ್ರೆ ನೊರೆ ನಿಲ್ಲಲ್ಲ, ಹಾಗಾಗಿ ಚಳಿಗಾಲದಲ್ಲಿ ಮಾತ್ರ ಸಿಗುತ್ತೆ, ಮಧ್ಯಾಹ್ನ ಹೋದ್ರೆ ಖಾಲಿ ಆಗಿರಲೂಬಹುದು. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರ ತನಕ ಮೇನ್ ರೋಡಲ್ಲಿ ಮೋಟಾರು ಗಾಡಿ ಬಿಡಲ್ಲ, ಆರಾಮಾಗಿ ನಡೀಬಹುದು, ಸೈಕಲ್ ರಿಕ್ಷಾ ಹತ್ತೋ ಮುಂಚೆ ರೇಟ್ ಮಾತಾಡಿ. ಪರಾಠೆ ವಾಲಿ ಗಲಿಲಿ ಪರಾಠವನ್ನ ಬಾಣಲೆಲಿ ಪೂರಿ ತರ ಕರೀತಾರೆ, ಒಂದು ತಿಂದ್ರೆ ಸಾಕು, ಹೊಟ್ಟೆಲಿ ಜಾಗ ಉಳಿಸ್ಕೊಳ್ಳಿ. ಸಂಜೆ ಹೊತ್ತಿಗೆ ಕೆಂಡದಲ್ಲಿ ಸುಟ್ಟ ಗೆಣಸಿಗೆ ಮಸಾಲೆ, ನಿಂಬೆ ಹಿಂಡಿ ಕೊಡೋ ಗಾಡಿಗಳು ಬರುತ್ತೆ, ಕೆಂಪು ಕ್ಯಾರೆಟ್ಟಿನ ಹಲ್ವ ಅಂತೂ ನಮ್ಮ ಕಡೆ ಕೇಸರಿ ಬಣ್ಣದ ಕ್ಯಾರೆಟ್ಟಲ್ಲಿ ಎಷ್ಟು ತಿಪ್ಪರಲಾಗ ಹಾಕಿದ್ರೂ ಆ ರುಚಿ ಬರಲ್ಲ. ಅನ್ನ ಸಾರು ಇಲ್ದೆ ಒಬ್ಬಳು ಮಂಕಾದಾಗ ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘದ ಕಡೆ ಹೋಗಿ ನಮ್ಮ ಊಟ ಮಾಡಿದ್ವಿ.

ಓಡಾಟ ಪೂರ್ತಿ ಮೆಟ್ರೋ. ಟೂರಿಸ್ಟ್ ಕಾರ್ಡ್ ಒಂದು ದಿನದ್ದು, ಮೂರು ದಿನದ್ದು ಸಿಗುತ್ತೆ. ಚಲಿಸೋ ದಿಕ್ಕಲ್ಲಿ ಮೊದಲ ಬೋಗಿ ಹೆಂಗಸರಿಗೆ ಮಾತ್ರ, ನಮ್ಮ ಗುಂಪಿನ ಹುಡುಗೀರು ಅಲ್ಲಿ ಆರಾಮಾಗಿ ಕೂತು ಬರ್ತಿದ್ರು, ನಾವು ಹಿಂದಿನ ಬೋಗಿಲಿ ಒತ್ತಾಟ. ರಾಜೀವ್ ಚೌಕಲ್ಲಿ ಸಂಜೆ ಆ ರಷ್ಷಲ್ಲಿ ಲೈನ್ ಬದಲಾಯಿಸೋದಾದ್ರೆ ಎಲ್ಲಿ ಸೇರೋದು ಅಂತ ಮೊದ್ಲೇ ಮಾತಾಡ್ಕೊಳ್ಳಿ.

ಬಟ್ಟೆ ವಿಷಯ, ಬೆಂಗಳೂರಿನ ಸ್ವೆಟರ್ ಒಂದೇ ನಂಬ್ಕೊಂಡು ಹೋಗ್ಬೇಡಿ. ಥರ್ಮಲ್, ಉಣ್ಣೆ ಸಾಕ್ಸು, ಕಿವಿ ಮುಚ್ಚೋ ಟೋಪಿ ಇಲ್ಲಿಂದಲೇ, ದಪ್ಪ ಜಾಕೆಟ್ ಕಾಶ್ಮೀರಿ ಗೇಟ್ ಹತ್ರದ ಮೊನಾಸ್ಟರಿ ಮಾರ್ಕೆಟ್ಟಲ್ಲಿ ತಗೊಂಡ್ವಿ, ಚಳಿ ಬಟ್ಟೆ ರಾಶಿ ರಾಶಿ ಇರುತ್ತೆ, ಹೇಳಿದ ರೇಟಿಗೆ ಒಪ್ಕೋಬೇಡಿ. ಮಾಸ್ಕ್ ಅಂದ್ರೆ ಎನ್95, ಬಟ್ಟೆದು ದೆಹಲಿ ಹೊಗೆಗೆ ಸಾಲಲ್ಲ. ಏರ್ ಕ್ವಾಲಿಟಿ ನಂಬರ್ 300 ದಾಟಿದ ದಿನ ನಡೆಯೋದನ್ನ ಬಿಟ್ಟು ಪ್ರಧಾನಮಂತ್ರಿ ಸಂಗ್ರಹಾಲಯ ನೋಡಿದ್ವಿ, ಆಸ್ತಮಾ ಇರೋರು ಫೆಬ್ರವರಿ ಕೊನೆಗೆ ಹೋಗೋದೇ ವಾಸಿ, ಚಳಿನೂ ಹದವಾಗಿರುತ್ತೆ.

ವಾಪಸ್ ಬಂದಿದ್ದು ಫ್ಲೈಟಲ್ಲಿ. ಬೆಳಿಗ್ಗೆ ಐದು ಆರರ ಫ್ಲೈಟ್ ಸಾವಿರ ರೂಪಾಯಿ ಕಮ್ಮಿ ಇತ್ತು, ಗುಂಪಲ್ಲಿ ಅದಕ್ಕೇ ವೋಟು ಜಾಸ್ತಿ, ನಾನು ಹಠ ಹಿಡಿದು ಮಧ್ಯಾಹ್ನ ಎರಡರದ್ದು ಮಾಡಿಸಿದೆ. ದಟ್ಟ ಮಂಜು ಕವಿಯೋದು ನಡುರಾತ್ರಿಯಿಂದ ಬೆಳಿಗ್ಗೆ ಒಂಬತ್ತರ ತನಕ, ಆ ಹೊತ್ತಿನ ವಿಮಾನಗಳೇ ಮೊದ್ಲು ಲೇಟ್ ಆಗೋದು. ನಾವು ಏರ್‌ಪೋರ್ಟ್ ತಲುಪಿದಾಗ ಬೋರ್ಡ್ ಮೇಲೆ ಬೆಳಗಿನ ಸಾಲು ಇನ್ನೂ ಹಂಗೇ ನಿಂತಿತ್ತು, ನಮ್ಮದು ಟೈಮಿಗೆ ಹೊರಡ್ತು.