ಕೊಲ್ಯೂರ್‌ನಲ್ಲಿ ಮನೆ ಕೊಂಡ ಬಗೆ

ಫ್ರಾನ್ಸಿನ ದಕ್ಷಿಣ ತುದಿಯಲ್ಲಿ, ಸ್ಪೇನ್ ಗಡಿಗೆ ಹತ್ತಿರ, ಪಿರನೀಸ್ ಬೆಟ್ಟಗಳು ಮೆಡಿಟರೇನಿಯನ್ ಸಮುದ್ರಕ್ಕೆ ಇಳಿಯುವ ಕಡೆ ಕೊಲ್ಯೂರ್ ಅನ್ನೋ ಪುಟ್ಟ ಊರಿದೆ. 1905ರ ಬೇಸಿಗೆಯಲ್ಲಿ ಆನ್ರಿ ಮಾತೀಸ್, ಆಂದ್ರೆ ದೆರಾಂ ಇಬ್ಬರೂ ಇಲ್ಲಿದ್ದುಕೊಂಡು ಚಿತ್ರ ಬರೆದರು. ಫೋವಿಸಂ ಅನ್ನೋ ಗಾಢ ಬಣ್ಣಗಳ ಚಿತ್ರಶೈಲಿ ಬೆಳೆದಿದ್ದು ಆ ಬೇಸಿಗೆಯಲ್ಲೇ. ಅವರು ನಿಂತು ಬರೆದ ಜಾಗಗಳಲ್ಲಿ ಈಗ ಆ ಚಿತ್ರಗಳ ನಕಲು ನಿಲ್ಲಿಸಿದ್ದಾರೆ. ಚಿತ್ರವನ್ನೂ ಅದರ ಹಿಂದಿನ ಕೊಲ್ಲಿಯನ್ನೂ ಒಟ್ಟಿಗೆ ನೋಡಬಹುದು.

ನಾನು, ನನ್ನ ಗಂಡ ಇಬ್ಬರೂ ತುಲೂಸಿನಲ್ಲಿ ವಿಮಾನ ಉದ್ಯಮದಲ್ಲಿದ್ದೇವೆ. ಅಲ್ಲಿಂದ ಕಾರಿನಲ್ಲಿ ಎರಡೂವರೆ ಗಂಟೆಯ ದಾರಿ. ಮೂರೆ ಅನ್ನೋ ಹಳೇ ಮೀನುಗಾರರ ಕೇರಿಯಲ್ಲಿ ಎರಡನೇ ಮಹಡಿಯ ಒಂದು ಚಿಕ್ಕ ಮನೆ ಕೊಂಡೆವು. ಹೇಗೆ ಕೊಂಡೆವು ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಅವರಿಗೆಲ್ಲ ನಾನು ಹೇಳೋದು ಒಂದೇ: ಊರನ್ನು ಜನವರಿಯಲ್ಲಿ ನೋಡಿ, ಕಟ್ಟಡವನ್ನು ಕಾಗದದಲ್ಲಿ ನೋಡಿ.

ಜುಲೈನಲ್ಲಿ ಆ ಊರು ಎಲ್ಲರಿಗೂ ಇಷ್ಟ ಆಗುತ್ತೆ. ಚಳಿಗಾಲದಲ್ಲಿ ವಾಯವ್ಯದಿಂದ ತ್ರಾಮೊಂತಾನ್ ಗಾಳಿ ಬೀಸಿದರೆ ಕೆಲವೊಮ್ಮೆ ದಿನಗಟ್ಟಲೆ ನಿಲ್ಲಲ್ಲ. ನಾವು ಬೇಕಂತಲೇ ಆಗ ಹೋದೆವು. ಸಮುದ್ರ ಕಾಣುವ ಒಂದು ಮನೆಯಲ್ಲಿ ಕಿಟಕಿ ಮುಚ್ಚಿದ್ದರೂ ಪರದೆ ಅಲುಗಾಡುತ್ತಿತ್ತು. ಕಿಟಕಿ ಕೆಳಗಿನ ಗಾರೆಯನ್ನು ಬೆರಳಲ್ಲಿ ಮುಟ್ಟಿದರೆ ಬಿಳಿ ಪುಡಿ ಉದುರಿತು. ತೇವದ ಜೊತೆ ಬಂದ ಉಪ್ಪು ಅದು. ನೋಟ ಎಷ್ಟೇ ಚೆನ್ನಾಗಿದ್ದರೂ ಅದನ್ನು ಬಿಟ್ಟೆವು. ಓಣಿಯ ಒಳಗೆ, ಗಾಳಿಗೆ ಮರೆಯಾಗಿರುವ ಮನೆ ಹುಡುಕಿದೆವು. ಕೋಟೆಯ ಪಕ್ಕದ ದುಯಿ ಹಳ್ಳ ವರ್ಷದ ಬಹುಪಾಲು ಒಣಗಿರುತ್ತದೆ. ಜೋರು ಮಳೆ ಬಂದರೆ ತುಂಬಿ ಹರಿಯುತ್ತದೆ. ಮಾರುವವರು ಪ್ರವಾಹ, ಭೂಕಂಪದಂಥ ಅಪಾಯಗಳ ವರದಿ ಕೊಡಲೇಬೇಕು. ಅದರಲ್ಲಿ ನಮ್ಮ ಓಣಿ ಎಲ್ಲಿದೆ ಅಂತ ನಕ್ಷೆ ಇಟ್ಟುಕೊಂಡು ನೋಡಿದೆವು.

ಆ ವರದಿಯ ಜೊತೆಗೆ ಇನ್ನೊಂದು ಕಟ್ಟು ಬರುತ್ತದೆ. 1949ಕ್ಕಿಂತ ಮುಂಚಿನ ಕಟ್ಟಡವಾದರೆ ಬಣ್ಣದಲ್ಲಿ ಸೀಸ ಇದೆಯಾ ಅನ್ನೋ ಪರೀಕ್ಷೆ, ಹಳೇ ವೈರಿಂಗಿನ ಪರೀಕ್ಷೆ, ಮನೆ ಎಷ್ಟು ಇಂಧನ ತಿನ್ನುತ್ತೆ ಅನ್ನೋದಕ್ಕೆ ಎ ಯಿಂದ ಜಿ ವರೆಗಿನ ದರ್ಜೆ (ಜಿ ಅಂದರೆ ಅತಿ ಕಳಪೆ). ಈ ದರ್ಜೆಯನ್ನು ಹಗುರವಾಗಿ ತಗೋಬೇಡಿ. ಜಿ ದರ್ಜೆಯ ಮನೆಯನ್ನು 2025ರಿಂದ ವಾಸಕ್ಕೆ ಹೊಸದಾಗಿ ಬಾಡಿಗೆ ಕೊಡುವ ಹಾಗಿಲ್ಲ. 2028ರಿಂದ ಎಫ್ ದರ್ಜೆಗೂ ಇದೇ ನಿಯಮ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಕಾಗದ ಬೇರೆ ಇದೆ. ಕಟ್ಟಡದ ಮಾಲೀಕರ ಸಂಘದ ಹಿಂದಿನ ಮೂರು ವರ್ಷಗಳ ಸಭಾ ನಡಾವಳಿ. ಇದನ್ನು ಕೊಳ್ಳುವವರಿಗೆ ಕೊಡಬೇಕು ಅಂತ ಕಾನೂನೇ ಇದೆ. ನಾನು ಒಂದು ಸಂಜೆ ಪೂರ್ತಿ ಕೂತು ಸಾಲು ಸಾಲಾಗಿ ಓದಿದೆ. ಯಾರು ನಿರ್ವಹಣೆ ಹಣ ಬಾಕಿ ಇಟ್ಟಿದ್ದಾರೆ, ಯಾರ ಮೇಲೆ ಕೇಸಿದೆ, ಯಾವ ರಿಪೇರಿ ಮುಂದೂಡಿದ್ದಾರೆ, ಎಲ್ಲ ಅದರಲ್ಲಿರುತ್ತೆ. ನಮ್ಮ ಕಟ್ಟಡದ ಚಾವಣಿ ರಿಪೇರಿ ಪ್ರಸ್ತಾಪ ಎರಡು ಸಭೆಗಳಲ್ಲಿ ಬಂದು ಮತಕ್ಕೆ ಹೋಗದೆ ಉಳಿದಿತ್ತು. ಗುತ್ತಿಗೆದಾರನ ಅಂದಾಜು ಪಟ್ಟಿಯೂ ಲಗತ್ತಾಗಿತ್ತು. ನಮ್ಮ ಪಾಲಿಗೆ ಎಷ್ಟು ಬರುತ್ತೆ ಅಂತ ಲೆಕ್ಕ ಹಾಕಿ, ಅಷ್ಟನ್ನು ಬೆಲೆಯಲ್ಲಿ ಇಳಿಸಿ ಅಂತ ಮಾರುವವರನ್ನು ಕೇಳಿದೆವು. ಸುಮ್ನೆ ಚೌಕಾಸಿ ಮಾಡಿದ್ದರೆ ಒಪ್ಪುತ್ತಿರಲಿಲ್ಲ. ಅವರದೇ ಕಾಗದ ಮುಂದಿಟ್ಟದ್ದಕ್ಕೆ ಬಹುಪಾಲು ಒಪ್ಪಿದರು.

ಇಲ್ಲಿ ಮಾರಾಟದ ಪತ್ರ ಮಾಡುವವರು ನೊತೇರ್, ಸರ್ಕಾರ ನೇಮಿಸಿದ ಕಾನೂನು ಅಧಿಕಾರಿ. ಋಣಭಾರ, ಹಕ್ಕುಪತ್ರ, ನೋಂದಣಿ ಎಲ್ಲ ಅವರ ಜವಾಬ್ದಾರಿ. ಮಾರುವವರ ನೊತೇರ್ ಇದ್ದರೂ ನಿಮ್ಮದೇ ಇನ್ನೊಬ್ಬರನ್ನು ಇಟ್ಟುಕೊಳ್ಳಿ. ಶುಲ್ಕ ಜಾಸ್ತಿ ಆಗಲ್ಲ, ಅದೇ ದುಡ್ಡನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ. ಹಳೇ ಮನೆಗೆ ಬೆಲೆಯ ಮೇಲೆ ಏಳೆಂಟು ಪರ್ಸೆಂಟ್ ಖರ್ಚು ಬರುತ್ತದೆ. ಅದರಲ್ಲಿ ಹೆಚ್ಚಿನದು ತೆರಿಗೆ.

ಮೊದಲು ಕೊಂಪ್ರೊಮಿ ಅನ್ನೋ ಕರಾರು. ಅದಾದ ಮೇಲೆ ಕೊಳ್ಳುವವರಿಗೆ ಹತ್ತು ದಿನ ಇರುತ್ತದೆ. ಅಷ್ಟರೊಳಗೆ ಕಾರಣ ಹೇಳದೇ ಹಿಂದೆ ಸರಿಯಬಹುದು. ಮುಂಗಡ ಸಾಮಾನ್ಯವಾಗಿ ಐದರಿಂದ ಹತ್ತು ಪರ್ಸೆಂಟ್, ಅದನ್ನು ನೊತೇರ್ ಖಾತೆಗೇ ಹಾಕುವುದು ಒಳ್ಳೆಯದು. ಖಾತೆ ಸಂಖ್ಯೆ ಇಮೇಲಿನಲ್ಲಿ ಬಂದರೆ ಕಚೇರಿಗೆ ಫೋನ್ ಮಾಡಿ ಓದಿಸಿ ಖಚಿತ ಮಾಡಿಕೊಳ್ಳಿ. ಇಮೇಲ್ ಕದ್ದು ಸಂಖ್ಯೆ ಬದಲಿಸುವ ಮೋಸ ಇಲ್ಲೂ ಇದೆ. ಸಾಲ ಸಿಗದಿದ್ದರೆ ಮುಂಗಡ ವಾಪಸ್ ಅನ್ನೋ ಷರತ್ತು ಕರಾರಿನಲ್ಲಿ ಇರಲೇಬೇಕು. ಎಲ್ಲ ಸಾಲದ ಕಂತು ಸೇರಿ ಆದಾಯದ 35 ಪರ್ಸೆಂಟ್ ದಾಟಿದರೆ ಸಾಮಾನ್ಯವಾಗಿ ಬ್ಯಾಂಕು ಕೊಡಲ್ಲ.

ನಮಗೆ ಹೆಚ್ಚು ಸಮಯ ಹಿಡಿದದ್ದು ಭಾರತದಿಂದ ತರಿಸಬೇಕಾದ ಕಾಗದಗಳಿಗೆ. ನೊತೇರ್ ಜನನ ಪ್ರಮಾಣಪತ್ರ, ಮದುವೆ ಪ್ರಮಾಣಪತ್ರ ಎರಡನ್ನೂ ಕೇಳಿದರು. ಎರಡಕ್ಕೂ ಅಪಾಸ್ಟಿಲ್ (ಬೇರೆ ದೇಶದಲ್ಲಿ ಪತ್ರ ಮಾನ್ಯ ಆಗೋಕೆ ಹಾಕುವ ಸರ್ಕಾರಿ ಮುದ್ರೆ), ಪ್ರಮಾಣೀಕೃತ ಅನುವಾದಕರಿಂದ ಫ್ರೆಂಚ್ ಅನುವಾದ ಬೇಕು. ನನ್ನ ಜನನ ಪತ್ರದಲ್ಲಿ ಇನಿಷಿಯಲ್ ಇರುವ ಹೆಸರಿದೆ, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿ ಬಿಡಿಸಿ ಬರೆದಿದ್ದಾರೆ. ಎರಡೂ ಹೆಸರು ಒಬ್ಬರದೇ ಅಂತ ಅಫಿಡವಿಟ್ ಮಾಡಿಸಬೇಕಾಯಿತು. ಶಿವಮೊಗ್ಗದಲ್ಲಿ ಅಣ್ಣ ಓಡಾಡಿ ಅದನ್ನೆಲ್ಲ ಮಾಡಿಸಿಕೊಟ್ಟ. ಮನೆ ಹುಡುಕುವ ಮೊದಲೇ ಇದನ್ನು ಮುಗಿಸಿಕೊಳ್ಳಿ ಅಂತ ಇಲ್ಲಿನ ಕನ್ನಡದವರಿಗೆಲ್ಲ ಹೇಳ್ತೀನಿ.

ಊರಿಂದ ಹಣ ತರಿಸುವವರು ನೆನಪಿಡಿ: ಭಾರತದಲ್ಲಿ ವಾಸವಿರುವ ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಎರಡೂವರೆ ಲಕ್ಷ ಡಾಲರ್‌ವರೆಗೆ ಮಾತ್ರ ಹೊರಗೆ ಕಳಿಸಬಹುದು. ಹಣ ಎಲ್ಲಿಂದ ಬಂತು ಅಂತ ಇಲ್ಲಿ ದಾಖಲೆ ಕೇಳುತ್ತಾರೆ. ಇನ್ನು, ಮನೆ ಕೊಂಡ ಮಾತ್ರಕ್ಕೆ ಫ್ರಾನ್ಸಿನಲ್ಲಿ ಇರುವ ಹಕ್ಕು ಸಿಗಲ್ಲ. ವೀಸಾ ಬೇರೆ ವಿಚಾರ.

ಕರಾರಿನಿಂದ ಕೊನೆಯ ಪತ್ರಕ್ಕೆ ಮೂರು ತಿಂಗಳ ಆಸುಪಾಸು ಹಿಡಿಯುವುದು ಮಾಮೂಲು. ಪುರಸಭೆಗೆ ಮೊದಲು ಕೊಳ್ಳುವ ಹಕ್ಕಿರುವ ಕಡೆ ಅದಕ್ಕೇ ಎರಡು ತಿಂಗಳ ಅವಧಿ. ಸಹಿಯ ದಿನ ನೊತೇರ್ ಪತ್ರವನ್ನು ನಮ್ಮೆದುರು ಗಟ್ಟಿಯಾಗಿ ಓದಿದರು. ಫ್ರೆಂಚ್ ಬಾರದವರಿಗೆ ದುಭಾಷಿ ಬೇಕು. ಸಹಿ ಆದ ಕೂಡಲೇ ಬೀಗದ ಕೈ ಕೊಟ್ಟರು. ಮನೆ ವಿಮೆ ಅವತ್ತಿನಿಂದಲೇ ಜಾರಿಗೆ ಬರುವ ಹಾಗೆ ಮೊದಲೇ ಮಾಡಿಸಿದ್ದೆವು.

ಕಿಟಕಿಯ ಮರದ ಬಾಗಿಲಿಗೆ ಬಣ್ಣ ಬದಲಿಸಬೇಕು ಅಂದರೂ ಪುರಸಭೆಗೆ ಅರ್ಜಿ ಹಾಕಬೇಕು. ಹತ್ತಿರದಲ್ಲೇ ರಾಜಕೋಟೆ ಇದೆ, ಸ್ಮಾರಕಗಳ ಸುತ್ತ ಸರ್ಕಾರಿ ವಾಸ್ತುಶಿಲ್ಪಿಯ ಅಭಿಪ್ರಾಯವೂ ಬೇಕು. ನನಗೆ ಇದು ತೊಂದರೆ ಅನ್ನಿಸಲಿಲ್ಲ. ಮಾತೀಸ್ ಕಂಡ ಊರು ಇವತ್ತಿಗೂ ಗುರುತು ಸಿಗುವ ಹಾಗೆ ಉಳಿದದ್ದಕ್ಕೆ ಇಂಥ ನಿಯಮಗಳೂ ಒಂದು ಕಾರಣ ಅಲ್ವಾ? ಎರಡನೇ ಮನೆಗೆ ಮಾಲೀಕನ ತೆರಿಗೆಯ ಜೊತೆ ವಾಸದ ತೆರಿಗೆಯೂ ಇದೆ. ಕೆಲವು ಊರುಗಳು ಅದರ ಮೇಲೆ 60 ಪರ್ಸೆಂಟ್‌ವರೆಗೂ ಹೆಚ್ಚುವರಿ ಹಾಕಬಹುದು. ಮಾರುವವರ ಹಿಂದಿನ ವರ್ಷದ ಎರಡೂ ರಸೀದಿ ಕೇಳಿ ನೋಡಿ.

ಮಾಲೀಕರ ಸಂಘದ ಮೊದಲ ಸಭೆಗೆ ನಾವಿಬ್ಬರೂ ಹೋದೆವು. ಚಾವಣಿ ರಿಪೇರಿ ಮತ್ತೆ ಪಟ್ಟಿಯಲ್ಲಿತ್ತು. ಈ ಸಲ ಮತಕ್ಕೆ ಹಾಕಿ ಅಂತ ನಾವೇ ಕೇಳಿದೆವು, ಪಾಸಾಯಿತು. ಬೇಸಿಗೆಯ ಜನಜಂಗುಳಿಯಲ್ಲಿ ಆ ಓಣಿಗೆ ಹೆಂಚು ಸಾಗಿಸೋಕಾಗಲ್ಲ ಅಂತ ಗುತ್ತಿಗೆದಾರ ಅಕ್ಟೋಬರ್ ಕೇಳಿದ್ದಾನೆ.