ಹೇನು ಹಾರುವುದಿಲ್ಲ, ತಲೆಯಿಂದ ತಲೆಗೆ ನಡೆಯುತ್ತದೆ

ಮಗು ತಲೆ ಕೆರೆದುಕೊಂಡಿತು ಅಂದ ಕೂಡಲೇ ದಿಂಬು, ಹೊದಿಕೆ ಎಲ್ಲ ಒಗೆಯಲು ಓಡುತ್ತೇವೆ. ಸ್ವಲ್ಪ ತಾಳಿ. ಹೇನು ಬದುಕುವುದು ತಲೆಯಲ್ಲಿ. ಮೊದಲು ತಲೆ ನೋಡೋಣ.

ಹೇನಿಗೆ ರೆಕ್ಕೆ ಇಲ್ಲ. ಚಿಗಟದ ಹಾಗೆ ನೆಗೆಯಲೂ ಬಾರದು. 2–3 ಮಿಲಿಮೀಟರ್ ಉದ್ದದ, ಎಳ್ಳಿನಷ್ಟು ದೊಡ್ಡ ಹುಳ ಅದು. ಆರು ಕಾಲುಗಳ ತುದಿಯಲ್ಲಿ ಕೊಕ್ಕೆಯಂಥ ಉಗುರು. ಕೂದಲಿನಿಂದ ಕೂದಲಿಗೆ ಹಿಡಿದು ದಾಟುತ್ತದೆ. ಅಂದರೆ ತಲೆಗೆ ತಲೆ ತಾಗಬೇಕು. ಚಿಕ್ಕ ಮಕ್ಕಳು ಇರುವುದೇ ಹಾಗೆ ಅಲ್ವಾ? ಒಂದೇ ಪುಸ್ತಕದ ಮೇಲೆ ಮೂರು ತಲೆ ಬಾಗಿರುತ್ತವೆ. ಗುಟ್ಟು ಹೇಳುವಾಗ, ಒತ್ತಿಕೊಂಡು ಮಲಗುವಾಗ ಕೂದಲು ಬೆರೆಯುತ್ತದೆ. ಟೋಪಿ, ಬಾಚಣಿಗೆಯಿಂದ ಹರಡುವುದು ಕಡಿಮೆ. ತಲೆಯಿಂದ ಕೆಳಗೆ ಬಿದ್ದ ಹೇನು ಒಂದೆರಡು ದಿನದಲ್ಲಿ ಸಾಯುತ್ತದೆ. ನಾಯಿ, ಬೆಕ್ಕಿನಿಂದ ಬರುವುದೇ ಇಲ್ಲ.

ಕೊಳೆಗೂ ಹೇನಿಗೂ ಸಂಬಂಧವಿಲ್ಲ. ದಿನಾ ತಲೆಗೆ ಸ್ನಾನ ಮಾಡುವ ಮಗುವಿಗೂ ಬರುತ್ತದೆ. ದಯವಿಟ್ಟು ಮಗುವನ್ನು ಬಯ್ಯಬೇಡಿ, ಬೇರೆ ಕೂರಿಸಬೇಡಿ. ಆ ಮಾತಿನ ನೋವು ಕಡಿತಕ್ಕಿಂತ ಜಾಸ್ತಿ ದಿನ ಉಳಿಯುತ್ತದೆ.

ಈಗ ಪರೀಕ್ಷೆ. ಕೆರೆತ ಬರಲಿ ಎಂದು ಕಾಯಬೇಡಿ. ಮೊದಲ ಸಲ ಹೇನು ಹತ್ತಿದವರಿಗೆ ಕೆರೆತ ಶುರುವಾಗಲು 4ರಿಂದ 6 ವಾರ ಹಿಡಿಯಬಹುದು. ಅಷ್ಟರಲ್ಲಿ ಅದು ಪಕ್ಕದ ತಲೆಗೆ ದಾಟಿರುತ್ತದೆ. ಕೂದಲು ತೊಳೆದು, ಒದ್ದೆ ಇರುವಾಗಲೇ ಕಂಡಿಷನರ್ ಧಾರಾಳವಾಗಿ ಹಚ್ಚಿ. ಸಾಮಾನ್ಯ ಬಾಚಣಿಗೆಯಿಂದ ಸಿಕ್ಕು ಬಿಡಿಸಿ. ಆಮೇಲೆ ಸೀರಣಿಗೆ ಹಿಡಿದು ಬುಡದಿಂದ ತುದಿಯವರೆಗೆ ಸಣ್ಣ ಸಣ್ಣ ಭಾಗವಾಗಿ ಬಾಚಿ. ಪ್ರತಿ ಸಲ ಬಿಳಿ ಬಟ್ಟೆಗೆ ಒರೆಸಿ ನೋಡಿ. ಕಿವಿಯ ಹಿಂದೆ, ಕತ್ತಿನ ಮೇಲ್ಭಾಗದಲ್ಲಿ ಎರಡು ಸಲ ಬಾಚಿ. ಹೊಟ್ಟಾದರೆ ಕೊಡವಿದಾಗ ಉದುರುತ್ತದೆ. ಸೀರು ಅಂಟು ಹಾಕಿದಂತೆ ಕೂದಲಿಗೆ ಕಚ್ಚಿಕೊಂಡಿರುತ್ತದೆ.

ಜೀವಂತ ಹೇನು ಸಿಕ್ಕಿದರೆ ಅದೇ ದಿನ ಮನೆಯವರೆಲ್ಲರ ತಲೆ ನೋಡಿ. ಮಗುವಿನ ಶಿಕ್ಷಕರಿಗೆ, ಜೊತೆಗೆ ಆಡುವ ಮಕ್ಕಳ ಮನೆಗೆ ತಿಳಿಸಿ. ನಾಚಿಕೆಯಿಂದ ಸುಮ್ನೆ ಇದ್ದರೆ ಹೇನು ಮತ್ತೆ ನಿಮ್ಮ ಮನೆಗೇ ಬರುತ್ತದೆ.

ಹೆಚ್ಚಿನವರು ಸೋಲುವುದು ಲೆಕ್ಕ ತಪ್ಪಿ. ಸೀರು ಒಡೆಯಲು ವಾರ, ಹತ್ತು ದಿನ ಬೇಕು. ಇವತ್ತು ಬಾಚಿ ಮುಗಿಸಿದರೆ, ಮುಂದಿನ ವಾರ ಹೊಸ ಮರಿಗಳು ಹೊರಬರುತ್ತವೆ. ಅವು ಬೆಳೆದು ಮೊಟ್ಟೆ ಇಡುವ ಮೊದಲೇ ಹಿಡಿಯಬೇಕು. ಅದಕ್ಕೆ 1, 5, 9, 13ನೇ ದಿನ ಹೀಗೇ ಬಾಚಿ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಔಷಧ ಬೇಕೆನಿಸಿದರೆ ವೈದ್ಯರನ್ನೋ ಔಷಧ ಅಂಗಡಿಯವರನ್ನೋ ಕೇಳಿ. ಎಳೆ ಮಕ್ಕಳಿಗಂತೂ ವೈದ್ಯರನ್ನು ಕೇಳದೆ ಏನೂ ಹಚ್ಚಬೇಡಿ. ಎಷ್ಟೋ ಔಷಧಗಳು ಸೀರನ್ನು ಕೊಲ್ಲುವುದಿಲ್ಲ, ಹಾಗಾಗಿ ಚೀಟಿಯಲ್ಲಿ ಹೇಳಿದ ದಿನಕ್ಕೆ ಎರಡನೇ ಸಲ ಹಚ್ಚಬೇಕಾಗುತ್ತದೆ. ಸೀಮೆಎಣ್ಣೆ, ಕೀಟನಾಶಕ ತಲೆಯ ಹತ್ತಿರವೂ ಬೇಡ. ಸೀಮೆಎಣ್ಣೆಗೆ ಬೆಂಕಿ ಹತ್ತುತ್ತದೆ, ಕೀಟನಾಶಕ ವಿಷ.

ದಿಂಬಿನ ಚೀಲ, ಟವೆಲ್ಲನ್ನು ಬಿಸಿ ನೀರಿನಲ್ಲಿ ಒಮ್ಮೆ ಒಗೆದರೆ ಸಾಕು. ಉದ್ದ ಕೂದಲಿದ್ದರೆ ಬಿಗಿಯಾಗಿ ಜಡೆ ಹಾಕಿ. 17ನೇ ದಿನ ಇನ್ನೊಮ್ಮೆ ಬಾಚಿ ನೋಡಿ. ಬಟ್ಟೆ ಬೆಳ್ಳಗೇ ಉಳಿದರೆ ಹೇನು ಹೋಗಿದೆ.