ಬಿದರಿ ಹೂಜಿಗೆ ಮಿನಾರಿನ ನೆರಳು: ಕಲಬುರಗಿಯ ಏಕವ್ಯಕ್ತಿ ಚಿತ್ರಕಲಾ ಪ್ರದರ್ಶನದ ಅನುಭವ

ವಸ್ತುಚಿತ್ರ, ಭಾವಚಿತ್ರ, ನಿಸರ್ಗಚಿತ್ರಗಳನ್ನೇ ಅತಿವಾಸ್ತವಕ್ಕೆ (ಸರ್ರಿಯಲಿಸಂ, ಕನಸಿನಂತೆ ಅಸಂಭವವನ್ನು ಬೆರೆಸುವ ಶೈಲಿ) ತಿರುಗಿಸುತ್ತೇನೆ ಎಂದಾಗ, ವಾಸ್ತವ ಶೈಲಿಗೆ ಹೆಸರಾದ ಚಿತ್ರಕಾರ ಎಸ್.ಎಂ. ಪಂಡಿತರ ಊರಲ್ಲಿ ಇದು ನಡೆಯಲ್ಲ ಅಂದವರೇ ಹೆಚ್ಚು. ನಡೆಯಿತು. ಜನ ಗುಂಪುಗೂಡಿ ನಿಂತದ್ದೇ ಹೂಜಿಯ ಚಿತ್ರದ ಮುಂದೆ: ಮೇಜಿನ ಮೇಲೆ ಕಪ್ಪು ಲೋಹಕ್ಕೆ ಬೆಳ್ಳಿ ಎಳೆ ಕೂರಿಸಿದ ಬಿದರಿ ಹೂಜಿ, ಗೋಡೆಯ ಮೇಲೆ ಅದರ ನೆರಳಾಗಿ ಬೀದರಿನ ಮಹಮೂದ್ ಗವಾನ್ ಮದರಸಾ. ಕಟ್ಟಡದಲ್ಲಿ ಈಗ ಉಳಿದಿರುವುದು ಒಂದೇ ಮಿನಾರು, ನೆರಳಲ್ಲಿ ಎರಡೂ ಇವೆ.

ಒಂದು ಚಿತ್ರಕ್ಕೆ ಒಂದೇ ಸುಳ್ಳು, ಉಳಿದದ್ದೆಲ್ಲ ಶಾಸ್ತ್ರಬದ್ಧ. ಬೆಳಕು ಎಡದಿಂದ, ಒಂದೇ ದೀಪದ್ದು. ನೆರಳಿನ ಅಂಚು ಹೂಜಿಯ ಬುಡದಲ್ಲಿ ಹರಿತ, ದೂರ ಹೋದಂತೆ ಮಸುಕು. ಉದ್ದಕ್ಕೂ ಹರಿತವಾಗಿಟ್ಟರೆ ಸ್ಟಿಕ್ಕರ್ ಅಂಟಿಸಿದಂತೆ ಕಾಣುತ್ತದೆ.

ಬಿದರಿಯ ಕಪ್ಪೇ ಹೆಚ್ಚು ಕಾಡಿತು. ಎಣ್ಣೆಬಣ್ಣದಲ್ಲಿ ಐವರಿ ಬ್ಲ್ಯಾಕ್ ಎಂಬ ಕಪ್ಪೊಂದನ್ನೇ ದಪ್ಪಗೆ ಬಳಿದರೆ ಒಣಗುವುದು ನಿಧಾನ, ಅದರ ಮೇಲೆ ಬೇಗ ಒಣಗುವ ಪದರ ಬಿದ್ದರೆ ಬಿರುಕು ಖಚಿತ. ಅದಕ್ಕೇ ಬರ್ಂಟ್ ಅಂಬರ್ (ಗಾಢ ಕಂದು), ಅಲ್ಟ್ರಾಮರೀನ್ (ಗಾಢ ನೀಲಿ) ಹೆಚ್ಚುಕಡಿಮೆ ಸಮಸಮ ಬೆರೆಸಿದೆ. ಒಣಗಿದ ಮೇಲೆ ಅಲ್ಲಲ್ಲಿ ಮಂಕಾಯಿತು. ಲಿನ್‌ಸೀಡ್ (ಅಗಸೆ) ಎಣ್ಣೆ, ಟರ್ಪೆಂಟೈನ್ ಬೆರೆಸಿ ತೆಳುವಾಗಿ ಸವರಿ, ಬಟ್ಟೆಯಿಂದ ಒರೆಸಿದಾಗ ಆಳ ಮರಳಿತು. ಬೆಳ್ಳಿಯ ಎಳೆಗೆ ಬರೀ ಬಿಳಿ ಬಳಸಲೇಬಾರದು, ತಣ್ಣನೆಯ ಬೂದು ಬೇಕು. ಕೊನೆಯ ಮಿಂಚಿಗೆ ಹಾಕಿದ್ದೇನು ಎಂಬುದು ನನ್ನಲ್ಲೇ ಇರಲಿ.

ಭಾವಚಿತ್ರಗಳಿಗೆ ಸುರಪುರದ ರಾಜರ ಠೀವಿ, ಮುಖವಿರಬೇಕಾದಲ್ಲಿ ನೆಲಕ್ಕೆ ಹಾಸುವ ಶಹಾಬಾದ್ ಫರಸಿ ಕಲ್ಲು. ಆಭರಣಕ್ಕೆ ಗೆಸ್ಸೋ (ಬಿಳಿ ಪುಡಿ, ಅಂಟು ಬೆರೆಸಿದ ಲೇಪ) ಉಬ್ಬಿಸಿ ಚಿನ್ನದ ರೇಕು ಕೂರಿಸಿದ್ದು ಕ್ಯಾನ್ವಾಸ್ ಮೇಲೆ ನಿಲ್ಲಲಿಲ್ಲ. ಬಟ್ಟೆ ಬಳುಕಿದಂತೆ ಉಬ್ಬು ಸೀಳಿತು, ಸುಮಾರು 6,000 ರೂಪಾಯಿಯ ರೇಕು ಹಾಳು. 12 ಎಂಎಂ ಪ್ಲೈವುಡ್‌ಗೆ ಬಟ್ಟೆ ಅಂಟಿಸಿದ ಮೇಲೆ ಗಟ್ಟಿಯಾಗಿ ಕೂತಿತು.

ಫರಸಿ ಕೊರೆಯುವಲ್ಲಿ ಸಿಗುವ ಪುಡಿಯನ್ನೂ ಬಿಡಲಿಲ್ಲ. ಅದು ಸುಣ್ಣಕಲ್ಲು. ಮಲ್ಮಲ್ ಬಟ್ಟೆಯಲ್ಲಿ ಸೋಸಿ ಅಕ್ರಿಲಿಕ್ ಬೈಂಡರ್‌ಗೆ (ಪುಡಿಯನ್ನು ಹಿಡಿದಿಡುವ ಅಂಟು) ಬೆರೆಸಿದರೆ ಬೂದು ಬಣ್ಣದ ಒಳ್ಳೆಯ ತಳ ಸಿಗುತ್ತದೆ. ಎಣ್ಣೆಗೆ ಬೆರೆಸಿದರೆ ಪಾರದರ್ಶಕವಾಗಿ ಕಂದಿಹೋಗುತ್ತದೆ, ಕೆಲಸಕ್ಕಿಲ್ಲ. ಬೀದರಿನ ಕೆಂಪು ಜಂಬಿಟ್ಟಿಗೆ ಮಣ್ಣನ್ನು ಅರೆದು ನೀರಲ್ಲಿ ಕದಡಿ, ಮರಳು ತಳಕ್ಕೆ ಕೂತ ಮೇಲೆ ಮೇಲಿನ ಕೆನ್ನೀರನ್ನು ಬೇರೆ ಬೋಗುಣಿಗೆ ಬಗ್ಗಿಸಿ ಒಣಗಿಸಿದೆ. ನಿಸರ್ಗಚಿತ್ರಗಳ ಕೆಂಪೆಲ್ಲ ಅದೇ. ಅಂಗಡಿಯ ಟ್ಯೂಬ್ ಅದರ ಹತ್ತಿರಕ್ಕೂ ಬರುವುದಿಲ್ಲ.

ದುಡ್ಡು ನುಂಗಿದ್ದು ಬಣ್ಣಕ್ಕಿಂತ ಚೌಕಟ್ಟು. 3x4 ಅಡಿಯ ಚಿತ್ರಕ್ಕೆ 14 ಅಡಿ ಪಟ್ಟಿ, ಅಡಿಗೆ 150ರಂತೆ 2,100. 20ರ ಹತ್ತಿರ ಚಿತ್ರಗಳಿಗೆ 40 ಸಾವಿರ ದಾಟಿತು. ಬಣ್ಣ, ಕ್ಯಾನ್ವಾಸ್ 30 ಸಾವಿರ ಇರಬಹುದು. ಐದಾರು ಚಿತ್ರ ಹೋದವು, ಹಾಕಿದ್ದು ಬಂತು, ಮೇಲೆ ಸ್ವಲ್ಪ ಉಳಿಯಿತು.

ಸಭಾಂಗಣದ ಟ್ಯೂಬ್‌ಲೈಟು ಬೆಳ್ಳಿಯನ್ನು ನೀಲಿ ಮಾಡುತ್ತಿತ್ತು. 4000 ಕೆಲ್ವಿನ್‌ನ (ಅತಿ ನೀಲಿಯೂ ಅಲ್ಲ, ಹಳದಿಯೂ ಅಲ್ಲದ ಬೆಳಕು), ಸಿಆರ್‌ಐ (ಬಣ್ಣಗಳನ್ನು ನಿಜವಾಗಿ ತೋರಿಸುವ ಗುಣದ ಅಂಕ) 90ರ ಮೇಲಿನ ಸ್ಪಾಟ್ ದೀಪ ಬಾಡಿಗೆಗೆ ತಂದು 30 ಡಿಗ್ರಿ ವಾಲಿಸಿದಾಗ ಕಪ್ಪಿನ ಮೇಲಿನ ಪ್ರತಿಫಲನವೂ ಹೋಯಿತು. ಎಣ್ಣೆಬಣ್ಣ ಪೂರ್ತಿ ಒಣಗುವವರೆಗೆ ಹೊಡೆಯುವ ತೆಳು ರಿಟಚ್ ವಾರ್ನಿಷ್ ಅಷ್ಟೇ ಸದ್ಯ ಹೊಡೆದಿದೆ. ಆರು ತಿಂಗಳಾದ ಮೇಲೆ ಚಿತ್ರ ವಾಪಸ್ ತನ್ನಿ, ಪಕ್ಕಾ ವಾರ್ನಿಷ್ ಪುಕ್ಕಟೆ ಎಂದು ಕೊಂಡವರಿಗೆಲ್ಲ ಹೇಳಿದ್ದೇನೆ.